ಹನ್ನೆರಡು ತುಂಬಿದ ತಕ್ಷಣ ಹುಡುಗ ದೊಡ್ಡೋನಾಗಿಬಿಟ್ಟನಾ?



ತೆಂಗಿನ ಬಿಳಿ ನೊಣದ ಬಗ್ಗೆ ಎರಡನೇ ಭಾಗ ಈ ವಾರ ಬರೀತೀನಿ ಅಂತ ಮಾತು ಕೊಟ್ಟಿದ್ದೆ. ಸುಮಾರು ಜನ ಫೋನ್ ಮಾಡಿ ಕೇಳಿದ್ರಿ. ಕ್ಷಮಿಸಿ, ಅದು ಮುಂದಿನ ವಾರ. ಇವತ್ತು ಬಸ್ ಚಾರ್ಜಿನ ವಿಷಯ ಬರೀತಿದೀನಿ. ತೋಟದ ಪೇಜಲ್ಲಿ ಬಸ್ ಯಾಕಪ್ಪಾ ಅನ್ನಬೇಡಿ. ಹೊಲದಲ್ಲಿ ಮೈಮುರಿದು ದುಡಿದು ಉಳಿಸಿದ ದುಡ್ಡು ಎಲ್ಲಿ ಸೋರುತ್ತೆ ಅಂತ ಲೆಕ್ಕ ಹಾಕೋದೂ ಬೇಸಾಯನೇ. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಮೊದಲು ನಮ್ಮನೇಲಿ ನಡೆದದ್ದು ಹೇಳ್ತೀನಿ.

ನಮ್ಮನೇಲಿ ನಾಲ್ಕು ಜನ. ನಾನು, ನಮ್ಮನೆಯವರು, ಮಗಳು ಪಿಯುಸಿ, ಮಗ ಏಳನೇ ಕ್ಲಾಸು. ಈ ಸಂಕ್ರಾಂತಿಗೆ ನಮ್ಮನೆಯವರ ತವರಿಗೆ ಹೋಗಬೇಕಿತ್ತು. ಎರಡು ಬಸ್ ಹತ್ತಬೇಕು, ಒಟ್ಟು 54 ಕಿಲೋಮೀಟರು. ಪ್ರತಿ ವರ್ಷ ನಾಲ್ಕೂ ಜನ ಬಸ್ಸಲ್ಲೇ ಹೋಗ್ತಿದ್ವಿ. ಶಕ್ತಿ ಯೋಜನೆ ಬಂದ ಮೇಲೆ ಅಮ್ಮ ಮಗಳಿಗೆ ದುಡ್ಡಿಲ್ಲ. ನನಗೆ ಒಂದು ಕಡೆಗೆ 60 ರೂಪಾಯಿ, ಹುಡುಗನಿಗೆ ಅರ್ಧ ಟಿಕೆಟ್ 30. ಹೋಗಿ ಬರೋಕೆ 180 ರೂಪಾಯಿಗೆ ಇಡೀ ಸಂಸಾರ ಹಬ್ಬ ಮುಗಿಸಿಕೊಂಡು ಬರಬಹುದು.

ಆದ್ರೆ ಹುಡುಗನಿಗೆ ಕಾರ್ತಿಕ ಮಾಸದಲ್ಲಿ ಹನ್ನೆರಡು ತುಂಬಿತು. ಆಮೇಲೆ ಒಂದು ಸಲ ತಾಲ್ಲೂಕಿಗೆ ಹೋಗುವಾಗ ಕಂಡಕ್ಟರ್ ಎಷ್ಟು ವಯಸ್ಸು ಅಂತ ಕೇಳಿದ್ರು. ಇವನು ಹೆಮ್ಮೆಯಿಂದ ಹನ್ನೆರಡು ಮುಗೀತು ಸಾರ್ ಅಂದ. ಫುಲ್ ಟಿಕೆಟ್ ಹರಿದು ಕೈಗೆ ಕೊಟ್ರು. ಅವರ ತಪ್ಪು ಒಂದಿಷ್ಟೂ ಇಲ್ಲ. ರೂಲ್ ಇರೋದೇ ಹಾಗೆ. ಆರು ವರ್ಷದ ತನಕ ಉಚಿತ, ಆರರಿಂದ ಹನ್ನೆರಡರವರೆಗೆ ಅರ್ಧ, ಹನ್ನೆರಡು ದಾಟಿದ್ರೆ ಫುಲ್. ಸುಳ್ಳು ಹೇಳು ಅಂತ ಮಗನಿಗೆ ಹೇಳಿಕೊಡೋಕೆ ನನಗೂ ಮನಸ್ಸಿಲ್ಲ.

ಸಂಕ್ರಾಂತಿ ಬಂತು. ನಾನು ಕೂತು ಲೆಕ್ಕ ಹಾಕ್ದೆ. ನನ್ನದು 120, ಅವನದು 120, ಒಟ್ಟು 240. ನಮ್ಮ ಮೊಪೆಡ್ ಲೀಟರಿಗೆ ಐವತ್ತು ಕೊಡುತ್ತೆ. ಹೋಗಿ ಬರೋಕೆ 108 ಕಿಲೋಮೀಟರು, ಎರಡು ಲೀಟರು ಚಿಲ್ಲರೆ ಪೆಟ್ರೋಲು, 220 ರೂಪಾಯಿ. ಇಪ್ಪತ್ತು ರೂಪಾಯಿ ಉಳಿಯುತ್ತೆ, ಬಸ್ಸಿಗೆ ಕಾಯೋದೂ ತಪ್ಪುತ್ತೆ ಅಂದುಕೊಂಡೆ. ಅಮ್ಮ ಮಗಳನ್ನ ಬಸ್ ಹತ್ತಿಸಿ, ನಾನೂ ಹುಡುಗನೂ ಮೊಪೆಡ್ಡಲ್ಲಿ ಹೊರಟ್ವಿ. ನನ್ನ ತಲೆ ಮೇಲೆ ಹೆಲ್ಮೆಟ್ಟಿತ್ತು. ಅವನ ತಲೆ ಮೇಲೆ ಇರಲಿಲ್ಲ. ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತಿದೀನಿ.

ಆ ಕಾಲದಲ್ಲಿ ರಸ್ತೆ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಕಣ ಮಾಡೋರು ಯಾರೂ ಇಲ್ಲ, ಟಾರು ರಸ್ತೇನೇ ಕಣ. ರಾಗಿ ತೆನೆ ಹರಡಿದ್ರು, ಮೇಲೆ ಹುಲ್ಲು. ನಾನೂ ಹತ್ತು ವರ್ಷ ಹಾಗೇ ಹರಡಿದೋನು, ಬೇರೆಯವರನ್ನ ಬೈಯೋ ಹಕ್ಕು ನನಗಿಲ್ಲ. ತಿರುವಲ್ಲಿ ಮುಂದಿನ ಚಕ್ರ ಹುಲ್ಲಿನ ಮೇಲೆ ಜಾರ್ತು. ನನಗೆ ಮೊಣಕಾಲು ತರಚಿತು. ಹುಡುಗ ಬಲಗೈ ಊರಿ ಬಿದ್ದ, ಮುಂಗೈ ಮೂಳೆ ಎರಡು ಕಡೆ ಮುರೀತು. ದೇವರ ದಯೆ, ತಲೆಗೆ ಏನೂ ಆಗಲಿಲ್ಲ.

ಆಸ್ಪತ್ರೆ, ಎಕ್ಸ್‌ರೇ, ಕಟ್ಟು, ಮಾತ್ರೆ ಎಲ್ಲಾ ಸೇರಿ 14 ಸಾವಿರ ದಾಟಿತು. ತಿಪಟೂರಿಗೆ ಹಾಕಿದ ಕೊಬ್ಬರಿ ದುಡ್ಡಲ್ಲಿ ಒಂದು ಪಾಲು ಅಲ್ಲೇ ಹೋಯ್ತು. ಆರು ವಾರ ಅವನು ಬಲಗೈಲಿ ಪೆನ್ನು ಹಿಡೀಲಿಲ್ಲ. ನಾನು ಉಳಿಸೋಕೆ ಹೊರಟಿದ್ದು ಇಪ್ಪತ್ತು ರೂಪಾಯಿ.

ತಪ್ಪು ನನ್ನದೇ, ಅದರಲ್ಲಿ ಎರಡು ಮಾತಿಲ್ಲ. ಹುಡುಗನಿಗೆ ಹೆಲ್ಮೆಟ್ ಹಾಕದೇ ಹೋದದ್ದು ನನ್ನ ತಪ್ಪು. ಆದ್ರೆ ಹಾಸಿಗೇಲಿ ಮಲಗಿ ಯೋಚನೆ ಮಾಡುವಾಗ ಒಂದು ವಿಷಯ ಹೊಳೀತು. ಅರ್ಧ ಟಿಕೆಟ್ ಇದ್ದಿದ್ರೆ ನಾವು ಬಸ್ಸಲ್ಲೇ ಹೋಗ್ತಿದ್ವಿ, ಯಾಕಂದ್ರೆ 220ಕ್ಕಿಂತ 180 ಕಡಿಮೆ. ಫುಲ್ ಟಿಕೆಟ್ ಮಾಡಿ ಬಸ್ಸಿನವರಿಗೆ ಸಿಕ್ಕಿದ್ದೇನು? 240 ಸಿಗಲಿಲ್ಲ. ಮೊದಲು ಸಿಗ್ತಿದ್ದ 180 ಕೂಡ ಹೋಯ್ತು. ಹುಡುಗನ ಹೆಚ್ಚಿನ 60 ರೂಪಾಯಿ ಕೇಳೋಕೆ ಹೋಗಿ ಅಪ್ಪನ 120 ಸಹ ಕಳಕೊಂಡ್ರು. ಇದು ಯಾವ ವ್ಯಾಪಾರ ಸ್ವಾಮಿ? ಸಂತೇಲಿ ಹಾಗಲಕಾಯಿ ಮಾರೋ ಅಜ್ಜೀನೂ ಇಂಥಾ ವ್ಯಾಪಾರ ಮಾಡಲ್ಲ.

ಇದು ನಮ್ಮೊಬ್ಬರ ಮನೆ ಕಥೆ ಅಲ್ಲ. ಹಬ್ಬದ ದಿನ, ಮದುವೆ ದಿನ ರಸ್ತೆ ಬದಿ ನಿಂತು ನೋಡಿ. ಹೆಂಗಸರು ಹೆಣ್ಣುಮಕ್ಕಳು ಬಸ್ಸಲ್ಲಿ, ಅಪ್ಪ ಗಂಡುಮಕ್ಕಳು ಬೈಕಲ್ಲಿ. ಒಂದೇ ಸಂಸಾರ ಎರಡು ಪಾಲಾಗಿ ಒಂದೇ ಊರಿಗೆ ಹೋಗ್ತಿರುತ್ತೆ. ಇಬ್ಬರು ಗಂಡು ಹುಡುಗರಿದ್ರಂತೂ ಒಂದು ಬೈಕಲ್ಲಿ ಮೂರು ಜನ.

ಈಗ ಅರಳಿಕಟ್ಟೆ ಮಾತಿಗೆ ಬರ್ತೀನಿ.

ಈ ವಿಷಯ ಎತ್ತಿದ ಕೂಡಲೇ ನಮ್ಮ ಗಂಡಸರು ಹೇಳೋದು ಒಂದೇ ಮಾತು, 'ಎಲ್ಲಾ ಆ ಫ್ರೀ ಬಸ್ಸಿಂದ ಕಣಯ್ಯಾ. ಹೆಂಗಸರಿಗೆ ಬಿಟ್ಟಿ ಕೊಟ್ಟು ನಮ್ಮ ಹತ್ರ ಕೀಳ್ತಾರೆ.' ನಾನು ಇದನ್ನ ಒಪ್ಪಲ್ಲ. ಕೋಪ ಮಾಡಿಕೊಂಡ್ರೂ ಸರಿ.

ಹನ್ನೆರಡು ವರ್ಷಕ್ಕೆ ಫುಲ್ ಟಿಕೆಟ್ ಅನ್ನೋದು ಶಕ್ತಿ ಯೋಜನೆ ಜೊತೆ ಬಂದದ್ದಲ್ಲ. ಶಕ್ತಿ ಶುರುವಾಗಿದ್ದು 2023ರ ಜೂನ್ 11ಕ್ಕೆ. ಹನ್ನೆರಡರ ಗೆರೆ ಅದಕ್ಕೂ ಎಷ್ಟೋ ಮೊದಲಿಂದ ಇದೆ. ಚಾರ್ಜು ಏರಿದ್ದೂ ಶಕ್ತಿ ಬಂದ ಮೇಲೆ ಮಾತ್ರ ಅಲ್ಲ. 2020ರ ಫೆಬ್ರವರೀಲಿ ಶೇ. 12 ಏರಿಸಿದ್ರು, ಆಗ ಯಾವ ಫ್ರೀ ಬಸ್ಸಿತ್ತು? ಆಮೇಲೆ 2025ರ ಜನವರಿ 5ರಿಂದ ಶೇ. 15 ಏರಿತು. ಡೀಸೆಲ್ಲು, ಸಂಬಳ, ಹೊಸ ಬಸ್ಸು ಅಂತ ಕಾರಣ ಹೇಳಿದ್ರು. ಇರಬಹುದು. ನಮ್ಮ ಗೊಬ್ಬರ, ಕೂಲಿ ಏರಿಲ್ವಾ, ಹಂಗೇ.

ಇನ್ನೊಂದು ಮಾತು. ನಮ್ಮ ಮಗಳು ಪಿಯುಸಿ ಓದ್ತಿರೋದು ಆ ಉಚಿತ ಬಸ್ಸಿಂದ. ಇಲ್ಲಾಂದ್ರೆ ಎಸ್ಸೆಸ್ಸೆಲ್ಸಿಗೇ ನಿಲ್ಲಿಸ್ತಿದ್ದೆನೇನೋ, ಸತ್ಯ ಹೇಳ್ತೀನಿ. ನಮ್ಮನೆಯವರು ಬಿಪಿ ಮಾತ್ರೆಗೆ ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಹೋಗ್ತಾರೆ, ಈಗ ನನ್ನ ಹತ್ರ ದುಡ್ಡು ಕೇಳಲ್ಲ. ಮುಂಚೆ ನಾನು 'ಮುಂದಿನ ವಾರ ಹೋಗು' ಅಂತ ತಳ್ತಿದ್ದೆ. ನಿಮ್ಮಲ್ಲೂ ಸುಮಾರು ಜನ ಹಾಗೇ ತಳ್ಳಿದೀರಿ. 2025ರ ಜುಲೈಗೆ ಮಹಿಳೆಯರ ಉಚಿತ ಪ್ರಯಾಣ 500 ಕೋಟಿ ದಾಟಿತು ಅಂತ ಸರ್ಕಾರ ಸಂಭ್ರಮ ಮಾಡ್ತು. ಅದರಲ್ಲಿ ನಮ್ಮ ನಿಮ್ಮ ಮನೆಯವರದ್ದೂ ಇದೆ. ಅಕ್ಕನಿಗೆ ಕೊಟ್ಟಿದ್ದನ್ನ ಕಿತ್ತುಕೊಂಡ್ರೆ ತಮ್ಮನಿಗೆ ಸಿಗುತ್ತೆ ಅನ್ನೋದು ಯಾವ ನ್ಯಾಯ? ಅಕ್ಕನದು ಅಕ್ಕನಿಗಿರಲಿ, ತಮ್ಮನದನ್ನ ಬೇರೆ ಕೇಳೋಣ.

ಎರಡನೇ ಮಾತು, 'ಹುಡುಗರಿಗೆ ಪಾಸ್ ಇದೆಯಲ್ಲಾ?' ಇದೆ. ಒಳ್ಳೇದೇ. ಏಳನೇ ಕ್ಲಾಸಿನವರೆಗೆ ಸಣ್ಣ ಶುಲ್ಕ ಬಿಟ್ರೆ ಪಾಸ್ ಉಚಿತ. ಹೈಸ್ಕೂಲು ಹುಡುಗನಿಗೂ ರಿಯಾಯ್ತಿ ಪಾಸು, ದಿನಾ ಟಿಕೆಟ್ ತಗೊಳ್ಳೋದಕ್ಕೆ ಹೋಲಿಸಿದ್ರೆ ಬಹಳ ಅಗ್ಗ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಉಚಿತ. ಇದನ್ನ ಇಲ್ಲ ಅನ್ನೋದು ತಪ್ಪಾಗುತ್ತೆ. ನಮ್ಮೋನಿಗೂ ಜೂನ್ ಬಂದ್ರೆ ಹೋಬಳಿ ಹೈಸ್ಕೂಲು, ಪಾಸ್ ಮಾಡಿಸ್ತೀನಿ.

ಆದ್ರೆ ಆ ಪಾಸ್ ಒಂದೇ ದಾರಿಗೆ. ಮನೆಯಿಂದ ಸ್ಕೂಲಿಗೆ, ಸ್ಕೂಲಿಂದ ಮನೆಗೆ. ಅಜ್ಜಿ ಮನೆಗೆ ನಡೆಯಲ್ಲ. ಕಣ್ಣಾಸ್ಪತ್ರೆಗೆ ನಡೆಯಲ್ಲ. ಜಿಲ್ಲಾ ಮಟ್ಟದ ಕಬಡ್ಡಿಗೆ ಹೋಗ್ತೀನಿ ಅಂದ್ರೆ ನಡೆಯಲ್ಲ. ಮನೆದೇವರಿಗೆ ಹೋಗೋಕೆ ನಡೆಯಲ್ಲ. ಅಕ್ಕ ಒಂದು ಆಧಾರ್ ತೋರಿಸಿ, ರಾಜ್ಯದೊಳಗೆ ಯಾವ ಸಾಮಾನ್ಯ ಬಸ್ಸನ್ನಾದ್ರೂ ಹತ್ತಬಹುದು. ತಮ್ಮ ಅದೇ ಸೀಟಲ್ಲಿ ಪಕ್ಕ ಕೂತ್ರೆ ಅಪ್ಪನಷ್ಟೇ ದುಡ್ಡು ಕೊಡಬೇಕು. ನಾನು ಕೇಳ್ತಿರೋದು ಈ ಜಾಗದ ಪ್ರಶ್ನೆ. ಸ್ಕೂಲಿನ ದಾರಿಯಾಚೆ ಅವನು ಮಗುವಾ, ದೊಡ್ಡೋನಾ?

ಸರ್ಕಾರ ಬೇರೆ ಕಡೆ ಏನು ಹೇಳುತ್ತೆ ನೋಡಿ. ಹದಿನಾಲ್ಕು ತುಂಬದೋನನ್ನ ಕೂಲಿಗೆ ಇಟ್ಟುಕೊಂಡ್ರೆ ಕೇಸು. ಆರರಿಂದ ಹದಿನಾಲ್ಕರವರೆಗೆ ಶಿಕ್ಷಣ ಅವನ ಹಕ್ಕು. ಪೋಕ್ಸೋ ಕಾಯ್ದೇಲಿ ಹದಿನೆಂಟರೊಳಗಿನವರೆಲ್ಲಾ ಮಕ್ಕಳು. ಓಟು ಹದಿನೆಂಟಕ್ಕೆ. ನನ್ನ ಮೊಪೆಡ್ ಓಡಿಸೋಕೆ ಲೈಸೆನ್ಸು ಹದಿನೆಂಟಕ್ಕೆ. ಅಪ್ರಾಪ್ತ ಮಗ ಗಾಡಿ ಓಡಿಸಿ ಏನಾದ್ರೂ ಮಾಡಿಕೊಂಡ್ರೆ, 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆ ಪ್ರಕಾರ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು. ಅಂದ್ರೆ ದುಡಿಯೋಕೆ ಮಗು, ಓಟಿಗೆ ಮಗು, ಗಾಡಿಗೆ ಮಗು. ಬಸ್ಸಿನ ಮೆಟ್ಟಿಲು ಹತ್ತಿದ್ರೆ ಮಾತ್ರ ಹನ್ನೆರಡಕ್ಕೇ ಯಜಮಾನ. ದುಡಿಯಬಾರದು ಅಂತ ಕಾನೂನು ಮಾಡಿದೋರೇ ಫುಲ್ ಚಾರ್ಜು ಕೊಡು ಅಂದ್ರೆ ಅವನು ಎಲ್ಲಿಂದ ತರ್ತಾನೆ? ನಮ್ಮ ಜೇಬಿಂದ ತಾನೇ.

ರೈಲಲ್ಲೂ ಗೆರೆ ಹನ್ನೆರಡೇ, ಅಲ್ಲೂ 2016ರ ಏಪ್ರಿಲ್‌ನಿಂದ ಮಗುವಿಗೆ ಬರ್ತ್ ಬೇಕಂದ್ರೆ ಫುಲ್ ಚಾರ್ಜು ಮಾಡಿಬಿಟ್ರು. ಅದಕ್ಕೇ ಎಲ್ಲರಿಗೂ ಇದು ಬ್ರಹ್ಮ ಬರೆದ ಗೆರೆ ಅನ್ನಿಸಿಬಿಟ್ಟಿದೆ. ಹಾಗೇನಿಲ್ಲ. ಪಕ್ಕದ ತಮಿಳುನಾಡಲ್ಲಿ ಶಾಲೆಗೆ ಹೋಗೋ ಗಂಡು ಹೆಣ್ಣು ಎರಡೂ ಮಕ್ಕಳಿಗೆ ಸರ್ಕಾರಿ ಬಸ್ಸಲ್ಲಿ ಉಚಿತ ಪಾಸು. ನಮ್ಮ ಷಡ್ಡಕರ ಮಗ ಲಂಡನ್ನಲ್ಲಿದಾನೆ, ಫೋನಲ್ಲಿ ಕೇಳ್ದೆ. ಅಲ್ಲಿ ಹನ್ನೊಂದರೊಳಗಿನ ಮಕ್ಕಳಿಗೆ ಸಿಟಿ ಬಸ್ ಪೂರ್ತಿ ಉಚಿತ. ಹನ್ನೊಂದರಿಂದ ಹದಿನೈದರವರಿಗೆ ಫೋಟೋ ಇರೋ ಒಂದು ಕಾರ್ಡು ಕೊಡ್ತಾರೆ, ಅದಿದ್ರೆ ಅವರಿಗೂ ಬಸ್ ಉಚಿತ. ಸ್ಕೂಲಿಗೆ ಹೋಗ್ತೀಯಾ, ಅಜ್ಜಿ ಮನೆಗೆ ಹೋಗ್ತೀಯಾ ಅಂತ ಯಾರೂ ಕೇಳಲ್ಲವಂತೆ. ಲಂಡನ್ನಿನ ದುಡ್ಡು ನಮ್ಮ ಹತ್ರ ಇಲ್ಲ, ಒಪ್ಪಿದೆ. ಅದಕ್ಕೇ ನಾನು ಉಚಿತ ಕೇಳ್ತಿಲ್ಲ. ಇರೋ ಅರ್ಧವನ್ನೇ ಇನ್ನಷ್ಟು ವರ್ಷ ಎಳೀರಿ ಅಂತ ಕೇಳ್ತಿದೀನಿ.

ನಮ್ಮ ಸಾರಿಗೇಲಿ ಸಂಸಾರಸ್ಥರಿಗೆ ರಿಯಾಯ್ತಿನೇ ಇಲ್ಲ ಅಂತಲೂ ಅಲ್ಲ. ರಿಸರ್ವೇಶನ್ ಬಸ್ಸಲ್ಲಿ ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್ಟಲ್ಲಿ ಬುಕ್ ಮಾಡಿದ್ರೆ ಶೇ. 5, ಹೋಗಿ ಬರೋದು ಒಟ್ಟಿಗೆ ಮಾಡಿದ್ರೆ ಬರೋ ಟಿಕೆಟ್ಟಿಗೆ ಶೇ. 10 ಬಿಡ್ತಾರೆ. ಅರವತ್ತು ದಾಟಿದೋರಿಗೆ ಶೇ. 25 ರಿಯಾಯ್ತಿ ಇದೆ. ಬೆಂಗಳೂರಲ್ಲಿ ದಿನದ ಪಾಸ್ ಇದೆ, ಒಂದು ಸಲ ತಗೊಂಡು ಇಡೀ ದಿನ ಸುತ್ತಬಹುದು. ಅಂದ್ರೆ ಕೊಡೋ ದಾರಿ ಅವರಿಗೆ ಗೊತ್ತು. ಆದ್ರೆ ನಮ್ಮ ಹಳ್ಳಿ ಬಸ್ಸಿಗೆ ರಿಸರ್ವೇಶನ್ ಎಲ್ಲಿದೆ? ಬೇಲಿ ಪಕ್ಕ ನಿಂತು ಕೈ ಅಡ್ಡ ಹಾಕೋದೇ ನಮ್ಮ ರಿಸರ್ವೇಶನ್ನು. ನಗರದೋರ ಸಂಸಾರಕ್ಕೊಂದು ಲೆಕ್ಕ, ಹಳ್ಳಿ ಸಂಸಾರಕ್ಕೊಂದು ಲೆಕ್ಕ ಆಗಬಾರದು.

ಮೂರನೇ ಮಾತು, 'ನಿಗಮ ನಷ್ಟದಲ್ಲಿದೆ, ಇನ್ನೂ ಕೊಡು ಅಂದ್ರೆ ಎಲ್ಲಿಂದ ಕೊಡ್ತಾರೆ?' ಇದು ತೂಕ ಇರೋ ಪ್ರಶ್ನೆ. ಶಕ್ತೀಲಿ ಹೆಂಗಸರ ಶೂನ್ಯ ಟಿಕೆಟ್ಟಿನ ಬೆಲೆಯನ್ನ ಸರ್ಕಾರ ನಿಗಮಗಳಿಗೆ ಕಟ್ಟಿಕೊಡಬೇಕು ಅಂತ ವ್ಯವಸ್ಥೆ ಇದೆ. ಹುಡುಗರ ಅರ್ಧದ ವ್ಯತ್ಯಾಸವನ್ನೂ ಅದೇ ದಾರೀಲಿ ಕಟ್ಟಬಹುದು. ಚಾಲಕರು, ಕಂಡಕ್ಟರುಗಳ ಸಂಬಳದಿಂದ ಕಿತ್ತು ಕೊಡಿ ಅಂತ ನಾನು ಕೇಳಲ್ಲ, ಅವರೂ ನಮ್ಮಂಥ ರೈತರ ಮಕ್ಕಳೇ. ಮತ್ತೆ ಆ ವ್ಯತ್ಯಾಸ ಪೂರ್ತಿ ನಷ್ಟವೂ ಅಲ್ಲ. ನಮ್ಮನೆ ಲೆಕ್ಕ ಮೇಲೆ ಬರೆದಿದೀನಿ. ಹುಡುಗನ ಜೊತೆ ಅಪ್ಪ ಬಸ್ಸಿಗೆ ವಾಪಸ್ ಬಂದ್ರೆ ಫುಲ್ ಟಿಕೆಟ್ಟೊಂದು ವಾಪಸ್ ಬರುತ್ತೆ. ಶಕ್ತಿ ಬಂದ ಮೇಲೆ ಬಸ್ಸಲ್ಲಿ ದುಡ್ಡು ಕೊಡೋರು ಗಂಡಸರೇ. ಆ ಗಂಡಸರನ್ನ ಬೈಕಿಗೆ ಓಡಿಸೋ ರೂಲು ಇಟ್ಟುಕೊಂಡು ನಷ್ಟ ಅಂತ ಅತ್ರೆ ಏನು ಹೇಳೋಣ.

ಸರಿ, ಹಾಗಾದ್ರೆ ಕೇಳೋದೇನು? ಎರಡೇ.

ಒಂದು, ಗಂಡು ಮಕ್ಕಳಿಗೂ ಹದಿನೆಂಟು ತುಂಬೋ ತನಕ ಸಾಮಾನ್ಯ ಬಸ್ಸಲ್ಲಿ ಎಲ್ಲಾ ದಾರಿಗೂ ಅರ್ಧ ಟಿಕೆಟ್. ಆಧಾರ್ ಅಥವಾ ಶಾಲೆಯ ಗುರುತಿನ ಚೀಟಿ ತೋರಿಸಿದ್ರೆ ಸಾಕು. ಬೇರೆ ಅರ್ಜಿ, ಸೈಬರ್ ಸೆಂಟರು, ಸರ್ವರ್ ಡೌನು ಬೇಡ. ಶಾಲೆ ಬಿಟ್ಟು ಮನೇಲಿರೋ ಹುಡುಗನಿಗೂ ಸಿಗಲಿ, ಅವನೂ ಮಗುನೇ.

ಎರಡು, ಭಾನುವಾರ ಮತ್ತು ಹಬ್ಬದ ರಜೆ ದಿನ ಜಿಲ್ಲೆಯೊಳಗೆ ಒಂದು ಕುಟುಂಬದ ಪಾಸ್. ಒಬ್ಬ ದೊಡ್ಡವರ ದುಡ್ಡಲ್ಲಿ ಜೊತೆಗಿರೋ ಮನೆ ಮಕ್ಕಳೂ ಆ ದಿನ ಓಡಾಡಲಿ. ರೇಷನ್ ಕಾರ್ಡಲ್ಲಿ ಸಂಸಾರದ ಹೆಸರೆಲ್ಲಾ ಇದೆ, ಹೊಸ ಕಾರ್ಡು ಮುದ್ರಿಸೋ ಖರ್ಚೂ ಇಲ್ಲ.

ಎರಡನೇದು ತಡವಾದ್ರೂ ಸರಿ. ಮೊದಲನೇದು ಬಿಡಬಾರದು.

ಇದನ್ನ ಕಂಡಕ್ಟರ್ ಹತ್ರ ಜಗಳ ಆಡಿ ಪಡೆಯೋಕಾಗಲ್ಲ, ದಯವಿಟ್ಟು ಆಡಬೇಡಿ. ಡಿಪೋ ಮ್ಯಾನೇಜರ್ ಕೈಲೂ ಇಲ್ಲ. 2025ರ ಏರಿಕೆಯನ್ನ ತೀರ್ಮಾನ ಮಾಡಿದ್ದು ರಾಜ್ಯದ ಸಚಿವ ಸಂಪುಟ. ಇಳಿಸೋದನ್ನೂ ಅಲ್ಲೇ ತೀರ್ಮಾನ ಮಾಡಬೇಕು. ಅಲ್ಲಿಗೆ ನಮ್ಮ ಮಾತು ಹೋಗಬೇಕು ಅಂದ್ರೆ ಗ್ರಾಮಸಭೇಲಿ ಶುರುವಾಗಬೇಕು. ನಾವು ಗ್ರಾಮಸಭೇಲಿ ಚರಂಡಿ, ಕೊಟ್ಟಿಗೆ ಬಿಲ್ಲು ಬಿಟ್ಟು ಬೇರೆ ಮಾತೇ ಆಡಲ್ಲ. ಮುಂದಿನ ಸಭೇಲಿ ಈ ಕೆಳಗಿನ ಸಾಲನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ. ಬೇಕಾದ್ರೆ ಹಾಗೇ ಕಾಪಿ ಮಾಡಿಕೊಳ್ಳಿ:

'ನಮ್ಮ ಪಂಚಾಯ್ತಿ ವ್ಯಾಪ್ತಿಯ 12ರಿಂದ 18 ವರ್ಷದ ಗಂಡು ಮಕ್ಕಳಿಗೆ ರಸ್ತೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಎಲ್ಲ ಮಾರ್ಗಗಳಲ್ಲೂ ಅರ್ಧ ದರದ ಪ್ರಯಾಣಕ್ಕೆ ಅವಕಾಶ ನೀಡಬೇಕೆಂದೂ, ವ್ಯತ್ಯಾಸದ ಹಣವನ್ನು ರಾಜ್ಯ ಸರ್ಕಾರವೇ ನಿಗಮಗಳಿಗೆ ಭರಿಸಬೇಕೆಂದೂ, ಮಹಿಳೆಯರ ಉಚಿತ ಪ್ರಯಾಣವನ್ನು ಹಾಗೆಯೇ ಮುಂದುವರಿಸಬೇಕೆಂದೂ ಈ ಸಭೆ ಒತ್ತಾಯಿಸುತ್ತದೆ.'

ಕೊನೇ ಸಾಲು ತೆಗೆಯಬೇಡಿ. ಅದಿಲ್ಲದೇ ಕೇಳಿದ್ರೆ ನಮ್ಮ ಮನೆ ಹೆಣ್ಣುಮಕ್ಕಳೇ ನಮ್ಮ ಜೊತೆ ನಿಲ್ಲಲ್ಲ, ನಿಲ್ಲಲೂಬಾರದು. ಸಭೆಗೆ ಅವರನ್ನೂ ಕರ್ಕೊಂಡು ಬನ್ನಿ. ನಡಾವಳಿ ಪ್ರತಿ ತಗೊಂಡು ಎಂಎಲ್ಎ ಕೈಗೆ ಒಂದು, ಸಾರಿಗೆ ಸಚಿವರ ಕಚೇರಿಗೆ ಅಂಚೇಲಿ ಒಂದು. ತಾಲ್ಲೂಕು ಕೆಡಿಪಿ ಸಭೇಲೂ ಈ ಮಾತು ಬರೋ ಹಾಗೆ ನೋಡಿಕೊಳ್ಳಿ. ನಮ್ಮ ಪಂಚಾಯ್ತೀದು ನಾನು ಮಾಡಿಸ್ತೀನಿ, ಪ್ರತಿಯ ಫೋಟೋ ಇಲ್ಲೇ ಹಾಕ್ತೀನಿ. ಒಂದು ಪಂಚಾಯ್ತಿ ಬರೆದ್ರೆ ಕಸದ ಬುಟ್ಟಿಗೆ ಹೋಗುತ್ತೆ. ಹೋಬಳಿ ಪೂರ್ತಿ ಬರೆದ್ರೆ ಯಾರಾದ್ರೂ ಓದಲೇಬೇಕಾಗುತ್ತೆ.

ಅಲ್ಲೀ ತನಕ ನಮ್ಮ ಕೈಲಾಗೋದು ನಾವು ಮಾಡೋಣ. ಆರರಿಂದ ಹನ್ನೆರಡರ ಮಗು ಜೊತೆಗಿದ್ರೆ ಆಧಾರ್ ಜೆರಾಕ್ಸ್ ಜೇಬಲ್ಲಿರಲಿ. ಎತ್ತರ ಇರೋ ಮಗುವಿಗೆ ವಯಸ್ಸಿನ ತಕರಾರು ಬಂದೇ ಬರುತ್ತೆ. ಹೈಸ್ಕೂಲಿಗೆ ಹೋಗೋ ಹುಡುಗನ ಪಾಸಿಗೆ ಸ್ಕೂಲು ಶುರುವಾದ ತಕ್ಷಣ ಸೇವಾಸಿಂಧುವಲ್ಲಿ ಅರ್ಜಿ ಹಾಕಿಸಿ. ತಡ ಮಾಡಿದಷ್ಟು ದಿನ ಫುಲ್ ಟಿಕೆಟ್ ಕೊಡೋದು ನಾವೇ. ರಾಗಿ ಹುಲ್ಲನ್ನ ತಿರುವಲ್ಲಿ ಹರಡಬೇಡಿ, ಈ ಸಲದಿಂದ ನಾನು ರಸ್ತೆಗೆ ಹಾಕೋದೇ ಬಿಟ್ಟೆ. ಬೈಕಲ್ಲಿ ಮಗುನ ಕೂರಿಸಿಕೊಳ್ಳಲೇಬೇಕಾದ್ರೆ ಅದರ ತಲೆಗೂ ಹೆಲ್ಮೆಟ್ ಹಾಕಿ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಅದು ಕಡ್ಡಾಯ. ಕಡ್ಡಾಯ ಇಲ್ಲದಿದ್ರೂ ಹಾಕಿ.

ಮೊನ್ನೆ ಕಟ್ಟು ಬಿಚ್ಚಿದ್ರು. ಕೈ ಸಣ್ಣಗಾಗಿದೆ, ಬಿಂದಿಗೆ ಎತ್ತೋಕೆ ಇನ್ನೂ ಆಗಲ್ಲ. ವಾಪಸ್ ಬರುವಾಗ ಬಸ್ಸಲ್ಲೇ ಬಂದ್ವಿ. ಅವನಿಗೆ ಫುಲ್ ಟಿಕೆಟ್ಟೇ ತಗೊಂಡೆ. ಟಿಕೆಟ್ ಕೈಲಿ ಹಿಡಿದು 'ಅಪ್ಪಾ, ನಾನು ಹನ್ನೊಂದು ಅಂತ ಹೇಳಿದ್ರೆ ಆಗ್ತಿತ್ತಲ್ವಾ, ನಿಂಗೆ ದುಡ್ಡು ಉಳೀತಿತ್ತು' ಅಂದ. ಬೇಡ ಕಣಪ್ಪಾ, ನೀನು ಸುಳ್ಳು ಹೇಳೋದು ಬೇಡ, ರೂಲ್ ಬದಲಾಗಲಿ ಅಂದೆ. ಆ ಮಾತು ಉಳಿಸಿಕೊಳ್ಳೋಕೆ ಇಷ್ಟುದ್ದ ಬರೆದಿದೀನಿ.

ನಿಮ್ಮ ಮನೆಯ ಲೆಕ್ಕ ಕೆಳಗೆ ಬರೀರಿ. ಎಷ್ಟು ಕಿಲೋಮೀಟರು, ಬಸ್ಸಿಗೆಷ್ಟು, ಪೆಟ್ರೋಲಿಗೆಷ್ಟು, ಹನ್ನೆರಡು ದಾಟಿದ ಹುಡುಗರೆಷ್ಟು. ಒಂದು ಪಟ್ಟಿ ಮಾಡಿ ಅರ್ಜಿ ಜೊತೆ ಇಡೋಣ. ಬಿಳಿ ನೊಣದ ಎರಡನೇ ಭಾಗ ಮುಂದಿನ ವಾರ ಖಂಡಿತ.